ಮಗ್ನೋಲಿಯಾ ಮರದ ಕೆಳಗೆ: ಕ್ಯಾಥರಿನ್ ಡನ್‌ಹ್ಯಾಮ್ ಅವರ ‘ಸೌತ್‌ಲ್ಯಾಂಡ್’ – ಒಂದು ಪ್ರಕರಣ ಅಧ್ಯಯನ

1950 ಮುಗಿದು 1951 ಕಾಲಿಡುವ ಹೊತ್ತಿಗೆ ಚಿಲಿ ದೇಶದ ರಾಜಧಾನಿ ಸಾಂತಿಯಾಗೋದ ದೊಡ್ಡ ನಾಟಕಶಾಲೆಯಲ್ಲಿ ಒಂದು ಹೊಸ ನೃತ್ಯರೂಪಕ ರಂಗಕ್ಕೆ ಬಂತು. ಅದರ ಹೆಸರು ‘ಸೌತ್‌ಲ್ಯಾಂಡ್’, ಅಂದರೆ ದಕ್ಷಿಣ ಸೀಮೆ. ಅದನ್ನು ಕಟ್ಟಿದವರು ಅಮೆರಿಕದ ಕಪ್ಪು ನೃತ್ಯ ಸಂಯೋಜಕಿ, ಮಾನವಶಾಸ್ತ್ರವನ್ನೂ ಓದಿದ್ದ ಕ್ಯಾಥರಿನ್ ಡನ್‌ಹ್ಯಾಮ್. ಕೃತಿಯನ್ನು ಮಾಡಿಕೊಡಿ ಎಂದು ಕೇಳಿದ್ದು ಚಿಲಿಯ ಸಿಂಫನಿ ವಾದ್ಯವೃಂದ. ಸಂಗೀತ ದೀನೋ ದಿ ಸ್ತೆಫಾನೋ ಅವರದು. ರಂಗಸಜ್ಜಿಕೆ ಮತ್ತು ವೇಷಭೂಷಣ ಡನ್‌ಹ್ಯಾಮ್ ಅವರ ಪತಿ ಜಾನ್ ಪ್ರ್ಯಾಟ್ ಅವರದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರನ್ನು ವಿಚಾರಣೆಯಿಲ್ಲದೆ ಹಿಡಿದು ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಗುಂಪುಹತ್ಯೆಯೇ ಅದರ ವಸ್ತು. ಸಾಂತಿಯಾಗೋದಲ್ಲಿ ಅದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ರಂಗದಿಂದ ಮರೆಯಾಯಿತು. 1953ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಮತ್ತೊಮ್ಮೆ ಕಾಣಿಸಿಕೊಂಡಿತು. ಅದಾದ ಮೇಲೆ ಡನ್‌ಹ್ಯಾಮ್ ತಂಡ ಅದನ್ನು ಎಂದೂ ಆಡಲಿಲ್ಲ.

ಕಲಾವಿದರನ್ನು ಕೆಲವು ವಾರ ಅಥವಾ ತಿಂಗಳು ಒಂದೆಡೆ ಇರಿಸಿಕೊಂಡು, ಜಾಗ, ಸಮಯ, ವಾದ್ಯದವರು, ಒಂದಿಷ್ಟು ಹಣ ಒದಗಿಸಿ ಹೊಸ ಕೃತಿಯನ್ನು ಮಾಡಿಸುವ ಪದ್ಧತಿಗೆ ಇಂದು ರೆಸಿಡೆನ್ಸಿ ಎನ್ನುತ್ತೇವೆ. ಡನ್‌ಹ್ಯಾಮ್ ಅವರ ದಕ್ಷಿಣ ಅಮೆರಿಕದ ವಾಸಕ್ಕೆ ಆ ಕಾಲದಲ್ಲಿ ಅಂಥ ಹೆಸರು ಇರಲಿಲ್ಲ. ಆದರೆ ಆತಿಥೇಯ ಸಂಸ್ಥೆ, ಪರವೂರಿನ ವಾಸ, ಅಲ್ಲಿಯ ಸಂಗೀತಗಾರರು, ಅಲ್ಲಿಯ ಪ್ರೇಕ್ಷಕರ ಮುಂದೆ ಮೊದಲ ಪ್ರದರ್ಶನ, ಹೀಗೆ ಅದರ ಎಲ್ಲ ಅಂಗಗಳೂ ಇಲ್ಲಿವೆ. ಸಮಾಜದ ಗಾಯವನ್ನು ಮುಟ್ಟುವ ಕೃತಿಯೊಂದನ್ನು ಇಂಥ ವಾಸದಲ್ಲಿ ಕಟ್ಟಲು ಹೊರಟವರು ಈ ಪ್ರಕರಣವನ್ನು ಬಿಡಿಬಿಡಿಯಾಗಿ ನೋಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ತವರಿನಿಂದ ದೂರವಿದ್ದದ್ದರಿಂದಲೇ ಡನ್‌ಹ್ಯಾಮ್ ಅವರಿಗೆ ಈ ಕೃತಿಯನ್ನು ಕಟ್ಟಲು ಸಾಧ್ಯವಾಯಿತು. ದೂರವಿದ್ದದ್ದರಿಂದಲೇ ಅದನ್ನು ಅದುಮಿಹಾಕುವುದೂ ಇತರರಿಗೆ ಸುಲಭವಾಯಿತು. ಈ ಎರಡು ಸಂಗತಿಗಳನ್ನು ಬಿಡಿಸಿ ನೋಡಲು ಬರುವುದಿಲ್ಲ.

ಸಾಂತಿಯಾಗೋಗೆ ಬರುವ ಮುನ್ನ

1909ರಲ್ಲಿ ಷಿಕಾಗೋ ಬಳಿ ಹುಟ್ಟಿದ ಡನ್‌ಹ್ಯಾಮ್ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿದರು. 1935ರಲ್ಲಿ ರೋಸನ್ವಾಲ್ಡ್ ನಿಧಿಯ ನೆರವು ಪಡೆದು, ಆಫ್ರಿಕನ್ ಮೂಲದ ಜನಜೀವನದ ದೊಡ್ಡ ವಿದ್ವಾಂಸ ಮೆಲ್ವಿಲ್ ಹರ್ಸ್ಕೋವಿಟ್ಸ್ ಅವರಿಂದ ಕ್ಷೇತ್ರಕಾರ್ಯದ ತರಬೇತಿ ಹೊಂದಿ, ಜಮೈಕಾ, ಮಾರ್ಟಿನಿಕ್, ಟ್ರಿನಿಡಾಡ್ ಮತ್ತು ಹೈಟಿಗಳಲ್ಲಿ ತಿಂಗಳುಗಟ್ಟಲೆ ಕಳೆದರು. ಜಮೈಕಾದಲ್ಲಿ ಅವರು ಉಳಿದದ್ದು ಅಕಾಂಪಾಂಗ್ ಎಂಬ ಬೆಟ್ಟದ ಹಳ್ಳಿಯಲ್ಲಿ; ಅದು ತೋಟದ ಮಾಲೀಕರಿಂದ ತಪ್ಪಿಸಿಕೊಂಡು ಹೋದ ಗುಲಾಮರ ಸಂತತಿಯವರ ಊರು. ಹೈಟಿಯಲ್ಲಿ ವೊಡೂ ಎಂಬ ಆಫ್ರಿಕನ್ ಮೂಲದ ಧರ್ಮದ ದೀಕ್ಷೆಯನ್ನೇ ಪಡೆದರು. ಅಲ್ಲಿ ಕಲಿತ ‘ಯಾನ್ವಾಲು’ ಎಂಬ ಕುಣಿತದಲ್ಲಿ ಮಂಡಿ ಬಾಗಿಸಿ, ಬೆನ್ನುಮೂಳೆ ಕೆಳಗಿನಿಂದ ಕುತ್ತಿಗೆಯವರೆಗೆ ಹಾವಿನಂತೆ ಅಲೆಯಲೆಯಾಗಿ ಹೊರಳುತ್ತದೆ. ಅದು ಸರ್ಪದೈವ ದಂಬಾಲಾಗೆ ಸಲ್ಲುವ ಚಲನೆ. ಈ ಹೊರಳನ್ನೂ, ತಲೆ, ಭುಜ, ಸೊಂಟಗಳನ್ನು ಒಂದರಿಂದೊಂದು ಬಿಡಿಸಿ ಬೇರೆಬೇರೆ ಲಯದಲ್ಲಿ ನಡೆಸುವ ಅಭ್ಯಾಸವನ್ನೂ, ಬ್ಯಾಲೆಯ ಶಿಸ್ತನ್ನೂ ಸೇರಿಸಿ ಅವರು ಕಟ್ಟಿದ ಪಾಠಕ್ರಮ ಇಂದಿಗೂ ಡನ್‌ಹ್ಯಾಮ್ ಪದ್ಧತಿ ಎಂದೇ ಕರೆಸಿಕೊಳ್ಳುತ್ತದೆ.

ಅವರ ತಂಡ ಜಗತ್ತಿನಲ್ಲೆಲ್ಲ ಹೆಸರಾಗಿದ್ದದ್ದು ಮಾರ್ಟಿನಿಕ್‌ನ ಕಾಳಗದ ಕುಣಿತ, ಕ್ಯೂಬಾದ ರೂಂಬಾ, ಷಾಂಗೋ ದೈವದ ಆಚರಣೆ, ಬ್ರೆಜಿಲ್‌ನ ಬತುಕಾದಾ ಎಂಬ ತಾಳವಾದ್ಯದ ಕುಣಿತಗಳನ್ನು ಆಧರಿಸಿದ ಬಣ್ಣಬಣ್ಣದ ಪ್ರದರ್ಶನಗಳಿಗೆ. ಈ ಪ್ರದರ್ಶನಗಳನ್ನು ಬರಿಯ ಮನರಂಜನೆಯೆಂದು ತಳ್ಳಿಹಾಕುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅದು ತಪ್ಪೆಂದು ನಾನು ನಂಬುತ್ತೇನೆ. ಗುಲಾಮಗಿರಿ ಕಸಿದುಕೊಂಡದ್ದರಲ್ಲಿ ಉಳಿದದ್ದನ್ನು ಹುಡುಕಿ, ಅದಕ್ಕೆ ವಿದ್ವತ್ತಿನ ಗೌರವವನ್ನೂ ರಂಗದ ಬೆಳಕನ್ನೂ ತಂದುಕೊಟ್ಟದ್ದೇ ಒಂದು ಸಾಮಾಜಿಕ ಕೆಲಸ. ರಂಗದ ಹೊರಗೂ ಅವರು ಸುಮ್ಮನಿರಲಿಲ್ಲ. 1944ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಪ್ರದರ್ಶನ ಮುಗಿದ ಮೇಲೆ ಪ್ರೇಕ್ಷಕರೆದುರು ನಿಂತು, ಕಪ್ಪು ಜನ ನಿಮ್ಮ ಪಕ್ಕದಲ್ಲಿ ಕೂರುವಂತಾಗುವವರೆಗೆ ಇಲ್ಲಿಗೆ ಮರಳಿ ಬರುವುದಿಲ್ಲವೆಂದು ಹೇಳಿ ಹೊರಟವರು ಅವರು.

1950ರ ಜುಲೈನಲ್ಲಿ ತಂಡ ಬ್ರೆಜಿಲ್‌ನಲ್ಲಿತ್ತು. ಸಾವೊ ಪೌಲೊದ ಎಸ್ಪ್ಲನಾದಾ ಹೋಟೆಲು ಬಣ್ಣದ ಕಾರಣಕ್ಕೆ ಡನ್‌ಹ್ಯಾಮ್ ಅವರಿಗೆ ಕೋಣೆ ಕೊಡಲಿಲ್ಲ. ಅವರು ಅದನ್ನು ನುಂಗಿಕೊಳ್ಳದೆ ಬಹಿರಂಗವಾಗಿ ಹೇಳಿದರು. ವರ್ಣಭೇದ ನಮ್ಮಲ್ಲಿಲ್ಲ ಎಂದು ನಂಬಿಕೊಂಡಿದ್ದ ಬ್ರೆಜಿಲ್‌ಗೆ ಇದು ಕಪಾಳಕ್ಕೆ ಹೊಡೆದಂತಾಯಿತು. ಸಮಾಜಶಾಸ್ತ್ರಜ್ಞ ಹಾಗೂ ಸಂಸದ ಜಿಲ್ಬೆರ್ತೊ ಫ್ರೇರಿ ಸಂಸತ್ತಿನಲ್ಲೇ ಇದನ್ನು ಖಂಡಿಸಿದರು. ಅಫೋನ್ಸೊ ಅರಿನೋಸ್ ಎಂಬ ಸಂಸದರು ಮಂಡಿಸಿದ ಮಸೂದೆ 1951ರ ಜುಲೈ 3ರಂದು ಕಾನೂನಾಯಿತು. ಬಣ್ಣದ ಕಾರಣಕ್ಕೆ ಹೋಟೆಲು, ಅಂಗಡಿ, ಶಾಲೆಗಳಲ್ಲಿ ಪ್ರವೇಶ ನಿರಾಕರಿಸುವುದನ್ನು ದಂಡನೀಯವಾಗಿಸಿದ ಬ್ರೆಜಿಲ್‌ನ ಮೊದಲ ಕಾನೂನು ಅದು. ಅದೇ ಪ್ರವಾಸದಲ್ಲಿ ರಿಯೊ ನಗರದ ಕಪ್ಪು ನರ್ತಕಿ ಮೆರ್ಸೆದೆಸ್ ಬಾಪ್ತಿಸ್ತಾ ಅವರನ್ನು ಡನ್‌ಹ್ಯಾಮ್ ಗುರುತಿಸಿ ತಮ್ಮ ನ್ಯೂಯಾರ್ಕ್ ಶಾಲೆಗೆ ವಿದ್ಯಾರ್ಥಿವೇತನ ಕೊಟ್ಟು ಕರೆದೊಯ್ದರು. ಬಾಪ್ತಿಸ್ತಾ ಊರಿಗೆ ಮರಳಿ ಆಫ್ರೋ-ಬ್ರೆಜಿಲಿಯನ್ ನೃತ್ಯಕ್ಕೆ ತಮ್ಮದೇ ತಂಡ ಕಟ್ಟಿದರು.

ಹೋಟೆಲೊಂದರ ಅವಮಾನದ ಬಗ್ಗೆ ಬಹಿರಂಗವಾಗಿ ಆಡಿದ ಮಾತೊಂದು ಒಂದು ವರ್ಷದೊಳಗೆ ಕಾನೂನನ್ನೇ ತಂದಿತು. ಈ ಅನುಭವದ ಬೆನ್ನಿಗೇ ಅವರು ‘ಸೌತ್‌ಲ್ಯಾಂಡ್’ ಕಟ್ಟಲು ಕುಳಿತರು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಬಾಯಿಬಿಟ್ಟು ಹೇಳಿದರೆ ಕೇಳುವವರಿದ್ದಾರೆ ಎಂಬ ಧೈರ್ಯ ಅವರಿಗೆ ಆಗ ಇದ್ದಿರಬೇಕು.

ಕೃತಿ ರೂಪುಗೊಂಡ ಬಗೆ

ಅಲಬಾಮಾದಲ್ಲಿ ಕಪ್ಪು ಜನರಿಗಾಗಿ ಕಟ್ಟಿದ ವಿದ್ಯಾಸಂಸ್ಥೆಯಾದ ಟಸ್ಕಿಗೀ ಇಟ್ಟ ಲೆಕ್ಕದ ಪ್ರಕಾರ 1882ರಿಂದ 1968ರವರೆಗೆ ಅಮೆರಿಕದಲ್ಲಿ ಗುಂಪುಹತ್ಯೆಗೆ ಬಲಿಯಾದವರು 4,743 ಜನ. ಅವರಲ್ಲಿ 3,446 ಮಂದಿ ಕಪ್ಪು ಜನ. 1950ರ ಹೊತ್ತಿಗೆ ಹತ್ಯೆಗಳ ಸಂಖ್ಯೆ ಇಳಿದಿತ್ತು, ಆದರೆ ಬಿಳಿಯ ಹೆಂಗಸಿನ ಮೇಲೆ ಅತ್ಯಾಚಾರ ಎಸಗಿದ ಆರೋಪದ ಮೇಲೆ ಕಪ್ಪು ಗಂಡಸರನ್ನು ನ್ಯಾಯಾಲಯದ ಮೂಲಕವೇ ಸಾವಿಗೆ ದೂಡುವುದು ನಿಂತಿರಲಿಲ್ಲ. ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಊರಿನ ಏಳು ಮಂದಿಯನ್ನು ಇಂಥ ಆರೋಪದ ಮೇಲೆ 1951ರ ಫೆಬ್ರವರಿಯಲ್ಲಿ ವಿದ್ಯುತ್ ಕುರ್ಚಿಗೆ ಏರಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಮಿಸಿಸಿಪಿಯ ವಿಲ್ಲಿ ಮೆಗೀ ಅವರ ಸರದಿ. ‘ಸೌತ್‌ಲ್ಯಾಂಡ್’ ಆಯ್ದುಕೊಂಡ ಕಥೆಯ ಎಳೆ ಇಂಥದೇ ಒಂದು ಆರೋಪದ್ದು, ಅದೂ ಸುಳ್ಳು ಆರೋಪದ್ದು.

ತೆರೆ ಎದ್ದಾಗ ಕಂಬಗಳ ಸಾಲಿನ ಹಳೆಯ ಜಮೀನ್ದಾರಿ ಬಂಗಲೆಯ ಮುಂದೆ ಹಿಮ್ಮೇಳ ನಿಂತಿರುತ್ತದೆ. ಪಕ್ಕದಲ್ಲಿ ಹೂಬಿಟ್ಟ ಮಗ್ನೋಲಿಯಾ ಮರ. ಹಿಮ್ಮೇಳದ ಹಾಡು ಕಥೆಯನ್ನು ನಡೆಸುತ್ತದೆ, ಸುಖದ ಹೊತ್ತಿನಲ್ಲಿ ಪಾತ್ರಗಳ ಜೊತೆಗಿರುತ್ತದೆ, ದುಃಖದ ಹೊತ್ತಿನಲ್ಲಿ ಅವುಗಳ ಪರವಾಗಿ ದನಿ ಎತ್ತುತ್ತದೆ. ನಮ್ಮ ಯಕ್ಷಗಾನದ ಭಾಗವತರ ಕೆಲಸವನ್ನು ಕಂಡವರಿಗೆ ಇದರ ಬಲ ವಿವರಿಸಿ ಹೇಳಬೇಕಾಗಿಲ್ಲ. ಹೊಲದ ಕೆಲಸದ ಲೂಸಿ ಮತ್ತು ರಿಚರ್ಡ್ ಪ್ರೇಮಿಗಳು. ರಿಚರ್ಡ್ ಮರದಿಂದ ಒಂದು ಹೂ ಕಿತ್ತು ಲೂಸಿಗೆ ಕೊಡುತ್ತಾನೆ. ಅವರಿಬ್ಬರ ನಿಧಾನಗತಿಯ ಯುಗಳ ನೃತ್ಯ ಮುಗಿದು ಅವರು ಒಳಸರಿದ ಮೇಲೆ ಅದೇ ಮರದ ಕೆಳಗೆ ಬಿಳಿಯ ಜೋಡಿಯೊಂದು ಬರುತ್ತದೆ. ಚೆಲ್ಲಾಟ ಜಗಳವಾಗಿ, ಗಂಡಸು ಹೆಂಗಸನ್ನು ಹೊಡೆದು, ಪ್ರಜ್ಞೆ ತಪ್ಪಿದ ಅವಳನ್ನು ಬಿಟ್ಟು ಓಡಿಹೋಗುತ್ತಾನೆ. ಹೊಲದಾಳುಗಳು ಅವಳನ್ನು ಕಾಣುತ್ತಾರೆ. ಉಳಿದವರು ಹಿಂಜರಿದರೂ ರಿಚರ್ಡ್ ನೆರವಿಗೆ ಬಾಗುತ್ತಾನೆ. ಅವಳು ಕಣ್ಣು ತೆರೆಯುತ್ತಾಳೆ, ಎದುರಿಗೆ ಕಪ್ಪು ಮುಖ ಕಾಣುತ್ತದೆ, ಬೆರಳು ಅವನತ್ತ ಚಾಚುತ್ತದೆ.

ಹತ್ಯೆಯನ್ನು ಡನ್‌ಹ್ಯಾಮ್ ಪ್ರೇಕ್ಷಕರ ಕಣ್ಣೆದುರು ಮಾಡಿಸಲಿಲ್ಲ. ಅದು ಮುಗಿದ ಮೇಲಿನ, ಮರದಿಂದ ತೂಗುವ ದೇಹವನ್ನಷ್ಟೇ ತೋರಿಸಿದರು. ಹೂ ಕಿತ್ತ ಮರವೇ ಗಲ್ಲುಮರವಾಯಿತು. ಪ್ರ್ಯಾಟ್ ಅವರ ರಂಗಸಜ್ಜಿಕೆಯಲ್ಲಿ ಈ ಒಂದು ಮರ ಮಾಡಿದ ಕೆಲಸವನ್ನು ಎಷ್ಟು ಮಾತಿನ ನಾಟಕವೂ ಮಾಡಲಾರದೆಂದು ನನಗೆ ಅನ್ನಿಸುತ್ತದೆ. ಮುಂದಿನ ದೃಶ್ಯದಲ್ಲಿ ಹಿಮ್ಮೇಳ ಶವವನ್ನು ಹೊತ್ತು ನಗರದ ಹೊಗೆ ತುಂಬಿದ ಕೆಫೆಯೊಂದರ ನಡುವೆ ಹಾದುಹೋಗುತ್ತದೆ. ಅಲ್ಲಿ ಇಸ್ಪೀಟು ಆಡುವವರಿದ್ದಾರೆ, ಬ್ಲೂಸ್ ಸಂಗೀತಕ್ಕೆ ತೂಗುತ್ತಿರುವ ಜೋಡಿಗಳಿವೆ. ಒಬ್ಬ ತನ್ನ ಚೂರಿಯನ್ನು ತೆಗೆದು ನೆಲಕ್ಕೆ ನೆಡುತ್ತಾನೆ. ಒಬ್ಬ ಕುರುಡ ಭಿಕ್ಷುಕ ಮಾತ್ರ ಎದ್ದು ಆ ಮೆರವಣಿಗೆಯ ಜಾಡನ್ನು ಹುಡುಕುತ್ತಾ ಹೊರಡುತ್ತಾನೆ. ದಕ್ಷಿಣದ ಹಳ್ಳಿಯ ಹತ್ಯೆ ಅಲ್ಲಿಗೇ ಮುಗಿಯುವುದಿಲ್ಲ, ಅದು ನಗರದ ಬೀದಿಗೂ ನಡೆದು ಬರುತ್ತದೆ ಎಂಬ ಮಾತನ್ನು ಈ ದೃಶ್ಯ ಒಂದೇ ಒಂದು ಘೋಷಣೆಯಿಲ್ಲದೆ ಹೇಳುತ್ತದೆ.

ಈ ಕೃತಿಯ ಅತ್ಯಂತ ದಿಟ್ಟ ಆಯ್ಕೆ ನನ್ನ ದೃಷ್ಟಿಯಲ್ಲಿ ಬೇರೆಯೇ ಇದೆ. ಆರೋಪ ಹೊರಿಸಿದ ಬಿಳಿಯ ಹೆಂಗಸಿನ ದ್ವೇಷದ ನೃತ್ಯಕ್ಕೆ ಡನ್‌ಹ್ಯಾಮ್ ಕೊಟ್ಟದ್ದು ಹಬನೇರಾ. ಹವಾನಾ ನಗರದ ಹೆಸರನ್ನೇ ಹೊತ್ತ ಈ ಲಯ ಕ್ಯೂಬಾದ್ದು. ಯುರೋಪಿನಿಂದ ಬಂದ ಸಾಲುಕುಣಿತಕ್ಕೆ ಆಫ್ರಿಕನ್ ಕೈಗಳು ಹೊಸ ಉಸಿರು ಕೊಟ್ಟು ಹುಟ್ಟಿದ್ದು. ಎಂಟು ಮಾತ್ರೆಗಳ ಒಂದು ಆವರ್ತವನ್ನು ಮೂರು, ಒಂದು, ಎರಡು, ಎರಡು ಎಂದು ಮುರಿದು ಬೆರಳಿನಿಂದ ಮೇಜಿನ ಮೇಲೆ ಬಾರಿಸಿ ನೋಡಿದರೆ ಅದರ ಸ್ವಭಾವ ತಿಳಿಯುತ್ತದೆ: ಮೊದಲ ಪೆಟ್ಟು ಎಳೆದು ನಿಲ್ಲುತ್ತದೆ, ಎರಡನೆಯದು ಎಡವಿದಂತೆ ಬೀಳುತ್ತದೆ, ಉಳಿದೆರಡು ಏನೂ ಆಗಿಲ್ಲವೆಂಬಂತೆ ಸಮವಾಗಿ ನಡೆಯುತ್ತವೆ. ಯುರೋಪಿನ ಒಪೆರಾಗಳು ಇದನ್ನು ಶೃಂಗಾರದ ಲಯವಾಗಿ ಬಳಸಿ ಜನರ ಕಿವಿಯಲ್ಲಿ ಹಾಗೆಯೇ ಕೂರಿಸಿವೆ. ಡನ್‌ಹ್ಯಾಮ್ ಅದೇ ಲಯವನ್ನು ಎತ್ತಿಕೊಂಡು, ಆಸೆ, ಭಯ, ದ್ವೇಷ ಮೂರೂ ಒಂದೇ ದೇಹದಲ್ಲಿ ಹೆಣೆದುಕೊಳ್ಳುವ ನೃತ್ಯವನ್ನು ಮಾಡಿದರು. ಆ ಹೆಂಗಸು ತನ್ನ ಕೂದಲನ್ನೇ ಕುಣಿಕೆಯಂತೆ ಬಳಸಿಕೊಳ್ಳುತ್ತಾಳೆ. ಕಪ್ಪು ಕೈಗಳು ಮಾಡಿಕೊಟ್ಟ ಲಯದ ಮೇಲೆ ನಿಂತು ಕಪ್ಪು ಮನುಷ್ಯನ ಸಾವನ್ನು ಕುಣಿಯುವ ಈ ದೃಶ್ಯದಲ್ಲಿ, ಅವರು ಹದಿನೈದು ವರ್ಷ ಕೆರಿಬಿಯನ್ನಿನಿಂದ ಕಲಿತದ್ದೆಲ್ಲವೂ ಒಂದು ಬಿಂದುವಿಗೆ ಬಂದು ನಿಂತಂತೆ ಕಾಣುತ್ತದೆ. ಆಫ್ರೋ-ಲ್ಯಾಟಿನ್ ನೃತ್ಯಸಾಮಗ್ರಿಯನ್ನು ಸಮಾಜದ ವಿಷಯಕ್ಕೆ ಹೇಗೆ ಬಳಸುವುದು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ವಿಷಯ ಒಂದು ಕಡೆ, ಲಯ ಇನ್ನೊಂದು ಕಡೆ ಇರದೆ, ಲಯದ ಚರಿತ್ರೆಯೇ ವಿಷಯವನ್ನು ಹೇಳುತ್ತಿದೆ.

ತಾಲೀಮಿನ ಕೋಣೆಯೊಳಗೆ ಇದರ ಬೆಲೆ ಏನು ಎಂಬುದನ್ನೂ ನೋಡಬೇಕು. ಬಿಳಿಯ ಹೆಂಗಸಿನ ಪಾತ್ರ ತಂಡದ ಬಿಳಿಯ ನರ್ತಕಿ ಜೂಲಿ ರಾಬಿನ್ಸನ್ ಅವರ ಪಾಲಿಗೆ ಬಂತು. ವರ್ಷಗಳಿಂದ ಒಟ್ಟಿಗೆ ಉಂಡು, ಮಲಗಿ, ಪ್ರಯಾಣಿಸಿದ ಕಪ್ಪು ಗೆಳೆಯರ ಎದುರು ದ್ವೇಷದ ಮುಖ ತೋರಿಸಬೇಕಾದ ಆ ಪಾತ್ರ ತಮ್ಮನ್ನು ಎಷ್ಟು ಹಿಂಸಿಸಿತು ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಹೊಡೆದು ಓಡುವ ಬಿಳಿಯನ ಪಾತ್ರವನ್ನು ಮಾಡಿದವರು ಕಪ್ಪು ನರ್ತಕ ಲೆನ್ವುಡ್ ಮಾರಿಸ್. ಲೂಸಿಯಾಗಿ ಲೂಸಿಲ್ ಎಲ್ಲಿಸ್, ರಿಚರ್ಡ್ ಆಗಿ ರಿಕಾರ್ಡೊ ಆವಲೋಸ್. ಊರಿನ ಕ್ರೌರ್ಯವನ್ನು ಹಿಂದೆ ಬಿಟ್ಟು ಬಂದೆವೆಂದು ಪರದೇಶದಲ್ಲಿ ಹಗುರಾಗಿದ್ದ ತಂಡದವರಿಗೆ, ಅದೇ ಕ್ರೌರ್ಯವನ್ನು ದಿನದಿನವೂ ಮೈಮೇಲೆ ತಂದುಕೊಳ್ಳಬೇಕಾಯಿತು. ತಂಡದೊಳಗೇ ಕಸಿವಿಸಿ ಹುಟ್ಟಿತು. ಇದು ಸಣ್ಣ ಸಂಗತಿಯಲ್ಲ. ಇಂಥ ಕೃತಿಗಳ ಯೋಜನೆ ಬರೆಯುವಾಗ ವೇದಿಕೆ, ಬೆಳಕು, ಪ್ರಯಾಣ ಎಲ್ಲದಕ್ಕೂ ಒಂದೊಂದು ಸಾಲು ಇರುತ್ತದೆ; ಪಾತ್ರವನ್ನು ಕಳಚಿಟ್ಟು ಮನುಷ್ಯರಾಗಿ ಮನೆಗೆ ಹೋಗಲು ನರ್ತಕರಿಗೆ ಬೇಕಾದ ಹೊತ್ತಿಗೆ, ಮಾತುಕತೆಗೆ ಜಾಗವೇ ಇರುವುದಿಲ್ಲ. ಡನ್‌ಹ್ಯಾಮ್ ಅವರಂಥ ಅನುಭವಿಯ ತಂಡದಲ್ಲೇ ಇಷ್ಟು ನೋವಾಯಿತೆಂದರೆ ಉಳಿದವರು ಯೋಚಿಸಬೇಕು.

ಸಾಂತಿಯಾಗೋದಲ್ಲಿ ಆದದ್ದು

ಪ್ರದರ್ಶನಕ್ಕೆ ಅಮೆರಿಕದ ರಾಯಭಾರ ಕಚೇರಿಯ ವಿರೋಧ ಬಂತು. ಆಗ ಚಿಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು ಕ್ಲಾಡ್ ಬೌವರ್ಸ್. 1939ರಿಂದ 1953ರವರೆಗೆ ಆ ಹುದ್ದೆಯಲ್ಲಿದ್ದರು. ಪತ್ರಕರ್ತರೂ ಇತಿಹಾಸ ಲೇಖಕರೂ ಆಗಿದ್ದ ಅವರು, ಅಮೆರಿಕದ ಅಂತರ್ಯುದ್ಧದ ನಂತರ ಕಪ್ಪು ಜನರಿಗೆ ಮತದಾನದ ಹಕ್ಕು ದೊರೆತ ಕಾಲವನ್ನು ದಕ್ಷಿಣದ ಬಿಳಿಯರ ಪಾಲಿನ ದುರಂತವೆಂದು ಬಣ್ಣಿಸುವ ಜನಪ್ರಿಯ ಗ್ರಂಥವೊಂದನ್ನು 1929ರಲ್ಲಿ ಪ್ರಕಟಿಸಿದ್ದರು. ಅಮೆರಿಕದ ಚಿತ್ರವನ್ನು ಜಗತ್ತಿಗೆ ತೋರಿಸುವ ಹೊಣೆ ಹೊತ್ತ ಮನುಷ್ಯನ ಇತಿಹಾಸದೃಷ್ಟಿ ಒಂದು, ಅದೇ ನಗರದ ರಂಗದ ಮೇಲೆ ತೂಗುತ್ತಿದ್ದ ದೇಹ ಹೇಳುತ್ತಿದ್ದ ಇತಿಹಾಸ ಇನ್ನೊಂದು.

ಒತ್ತಡ ಕೆಲಸ ಮಾಡಿದ ರೀತಿ ಗಮನಾರ್ಹ. ಯಾರೂ ನಾಟಕಶಾಲೆಗೆ ಬೀಗ ಹಾಕಲಿಲ್ಲ, ಯಾರನ್ನೂ ಬಂಧಿಸಲಿಲ್ಲ. ಪತ್ರಿಕೆಗಳು ಸುಮ್ಮನಾದವು. ಎಡಪಂಥೀಯ ಪತ್ರಿಕೆಯೊಂದನ್ನು ಬಿಟ್ಟರೆ ಎಲ್ಲಿಯೂ ವಿಮರ್ಶೆ ಬರಲಿಲ್ಲ. ಚಿಲಿಯ ಪತ್ರಿಕೆಗಳು ಅಚ್ಚಾಗುವ ಕಾಗದ ಅಮೆರಿಕದಿಂದ ಬರಬೇಕಿತ್ತು, ಈ ಪ್ರದರ್ಶನದ ಬಗ್ಗೆ ಬರೆದರೆ ಆ ಕಾಗದ ನಿಂತುಹೋಗುತ್ತದೆಂಬ ಭಯ ಸಂಪಾದಕರಿಗಿತ್ತು ಎಂಬುದು ಡನ್‌ಹ್ಯಾಮ್ ಅವರ ಕಡೆಯಿಂದ ಬಂದ ವಿವರಣೆ. ಕೆಲವೇ ದಿನಗಳಲ್ಲಿ ತಂಡ ಸಾಂತಿಯಾಗೋ ಬಿಟ್ಟು ಹೊರಡಬೇಕಾಯಿತು. ಶೀತಲ ಸಮರದ ಆ ವರ್ಷಗಳಲ್ಲಿ ಪರದೇಶದಲ್ಲಿ ಅಮೆರಿಕವನ್ನು ಟೀಕಿಸಿದ ಕಪ್ಪು ಕಲಾವಿದರ ಪಾಡು ಒಂದೇ ಬಗೆಯದಾಗಿತ್ತು: ಗಾಯಕ ಪಾಲ್ ರೋಬ್ಸನ್ ಅವರ ಪಾಸ್‌ಪೋರ್ಟನ್ನು 1950ರಲ್ಲೇ ರದ್ದುಮಾಡಲಾಗಿತ್ತು.

ಸಾವೊ ಪೌಲೊ ಮತ್ತು ಸಾಂತಿಯಾಗೋ ಪ್ರಸಂಗಗಳ ನಡುವೆ ಅಂತರ ಸುಮಾರು ಆರು ತಿಂಗಳಿನದು. ಮೊದಲನೆಯದರಲ್ಲಿ ಡನ್‌ಹ್ಯಾಮ್ ಆತಿಥೇಯ ದೇಶದ ತಪ್ಪನ್ನು ಎತ್ತಿ ತೋರಿಸಿದರು. ಆ ದೇಶದ ಪತ್ರಿಕೆ, ಸಂಸತ್ತುಗಳು ಅದನ್ನು ತಮ್ಮ ಮಾನದ ಪ್ರಶ್ನೆಯಾಗಿ ಕೈಗೆತ್ತಿಕೊಂಡವು. ಎರಡನೆಯದರಲ್ಲಿ ಅವರು ತಮ್ಮ ಸ್ವಂತ ದೇಶದ ತಪ್ಪನ್ನು ಮೂರನೆಯ ದೇಶದ ರಂಗದ ಮೇಲೆ ತೋರಿಸಿದರು. ಅದನ್ನು ತಮ್ಮದೆಂದು ಎತ್ತಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ಚಿಲಿಯ ಸಂಸ್ಥೆಗೆ ಕೃತಿ ಬೇಕಿತ್ತು, ಅದರ ಜೊತೆಗೆ ಬರುವ ಜಗಳ ಬೇಕಿರಲಿಲ್ಲ. ಆ ಸಂಸ್ಥೆಯವರನ್ನು ಹೇಡಿಗಳೆಂದು ಕರೆಯುವುದು ನನಗೆ ಸರಿಕಾಣುವುದಿಲ್ಲ. ವ್ಯಾಪಾರಕ್ಕೂ ಕಾಗದಕ್ಕೂ ದೊಡ್ಡ ದೇಶದ ಮುಖ ನೋಡಬೇಕಿದ್ದ ಸಣ್ಣ ದೇಶ ಅದು. ಆದರೆ ಕೆಲಸ ಶುರುವಾಗುವ ಮುನ್ನವೇ ಆತಿಥೇಯರು ಮತ್ತು ಕಲಾವಿದರು ಎದುರುಬದುರು ಕೂತು, ಒತ್ತಡ ಬಂದರೆ ನಾವು ಎಲ್ಲಿಯವರೆಗೆ ನಿಲ್ಲುತ್ತೇವೆ ಎಂಬ ಪ್ರಶ್ನೆಗೆ ಉತ್ತರ ಬರೆದುಕೊಳ್ಳಬೇಕೆಂಬುದನ್ನು ಈ ಪ್ರಕರಣ ಸ್ಪಷ್ಟವಾಗಿ ತೋರಿಸುತ್ತದೆ. ಎಷ್ಟು ಪ್ರದರ್ಶನ ಆಗಲೇಬೇಕು, ಪತ್ರಿಕೆ ಬರೆಯದಿದ್ದರೆ ಕೃತಿಯ ದಾಖಲೆಯನ್ನು ಯಾರು ಇಡುತ್ತಾರೆ, ತಂಡ ಅರ್ಧಕ್ಕೆ ಹೊರಟರೆ ಖರ್ಚು ಯಾರದು ಎಂಬವು ಒಣ ಲೆಕ್ಕದ ವಿಷಯಗಳಂತೆ ಕಾಣಬಹುದು. ಕೃತಿ ಬದುಕುವುದೂ ಸಾಯುವುದೂ ಅವುಗಳ ಮೇಲೆಯೇ.

ಪ್ಯಾರಿಸ್, ಮತ್ತು ಬಣ್ಣದ ಬೇಡಿಕೆ

ಎರಡು ವರ್ಷದ ನಂತರ, 1953ರ ಜನವರಿಯಲ್ಲಿ, ಪ್ಯಾರಿಸ್‌ನ ಶಾಯೋ ಅರಮನೆಯ ರಂಗದ ಮೇಲೆ ‘ಸೌತ್‌ಲ್ಯಾಂಡ್’ ಮತ್ತೆ ಬಂತು. ಡನ್‌ಹ್ಯಾಮ್ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದ ನಗರ ಅದು. ಈ ಬಾರಿ ಪ್ರತಿಕ್ರಿಯೆ ಒಡೆದುಹೋಯಿತು. ದ್ವೀಪಗಳ ಬಣ್ಣ, ತಮಟೆ, ಸೊಂಟದ ಲಾಲಿತ್ಯಗಳನ್ನು ನಿರೀಕ್ಷಿಸಿ ಬಂದ ಕೆಲವರಿಗೆ ಇದು ತಮ್ಮ ಪರಿಚಯದ ಡನ್‌ಹ್ಯಾಮ್ ಅಲ್ಲವೆನಿಸಿತು. ಎಡಪಂಥದ ಕೆಲವರಿಗೆ ಕ್ರೌರ್ಯವನ್ನು ಇನ್ನೂ ನೇರವಾಗಿ ತೋರಿಸಬೇಕಿತ್ತೆನಿಸಿತು. ಇಬ್ಬರೂ ತಮಗೆ ಬೇಕಾದದ್ದನ್ನು ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದರು. ಮೆಚ್ಚಿ ಅತ್ತವರೂ ಇದ್ದರು.

ಮೊದಲ ಗುಂಪಿನ ನಿರಾಸೆ ನಮಗೆ ದೂರದ್ದಲ್ಲ. ಬ್ರೆಜಿಲ್‌ಗೆ ಆಫ್ರಿಕನ್ನರನ್ನು ಹಡಗಿನಲ್ಲಿ ತುಂಬಿ ಒಯ್ದ ಅದೇ ಪೋರ್ಚುಗೀಸರು ಗೋವಾಕ್ಕೂ ಗುಲಾಮರನ್ನು ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿಯೇ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಸಿದ್ದಿ ಸಮುದಾಯದ ದೊಡ್ಡ ಭಾಗ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಅವರ ಡಮಾಮಿ ಕುಣಿತವನ್ನು ಉತ್ಸವಗಳ ಮೆರವಣಿಗೆಗೆ, ಸರ್ಕಾರಿ ವೇದಿಕೆಗಳಿಗೆ ಕರೆಸುತ್ತೇವೆ. ಎಲೆಯುಡುಗೆ ತೊಡಿಸಿ ‘ಆಫ್ರಿಕಾದ ಕುಣಿತ’ ಎಂದು ನಿರೂಪಕರು ಘೋಷಿಸುವುದೂ ಉಂಟು. ಅವರ ಅಜ್ಜಂದಿರು ಯಾವ ದಾರಿಯಲ್ಲಿ ಇಲ್ಲಿಗೆ ಬಂದರು, ಕಾಡಿನ ಜಮೀನಿಗಾಗಿ ಅವರು ಪಟ್ಟ ಪಾಡೇನು ಎಂಬುದನ್ನು ಅದೇ ವೇದಿಕೆಯಲ್ಲಿ ಅವರು ಕುಣಿದು ಹೇಳಿದರೆ ಚಪ್ಪಾಳೆ ಅಷ್ಟೇ ಜೋರಾಗಿ ಬೀಳುತ್ತದೆಯೇ ಎಂದು ನಾವು ನಮ್ಮನ್ನು ಕೇಳಿಕೊಳ್ಳಬೇಕು. ದಮನಕ್ಕೊಳಗಾದವರಿಂದ ನಾವು ಬಣ್ಣವನ್ನು ಬೇಡುತ್ತೇವೆ. ಅವರು ಗಾಯವನ್ನು ತೋರಿಸಿದಾಗ ಕಲೆ ಕೆಟ್ಟಿತೆನ್ನುತ್ತೇವೆ. ಪ್ಯಾರಿಸ್‌ನಲ್ಲಿ ಡನ್‌ಹ್ಯಾಮ್ ಎದುರಿಸಿದ್ದು ಇದನ್ನೇ.

ಆಮೇಲೆ

1954ರಿಂದ ಅಮೆರಿಕ ಸರ್ಕಾರ ತನ್ನ ಕಲಾವಿದರನ್ನು ಸಾಂಸ್ಕೃತಿಕ ರಾಯಭಾರಿಗಳನ್ನಾಗಿ ಹಣಕೊಟ್ಟು ಪರದೇಶಗಳಿಗೆ ಕಳುಹಿಸಲಾರಂಭಿಸಿತು. ಆ ಯೋಜನೆಯಲ್ಲಿ ಮೊದಲು ಹೊರಟ ನೃತ್ಯತಂಡ ಹೊಸೆ ಲಿಮೋನ್ ಅವರದು. ಹೋದದ್ದು ದಕ್ಷಿಣ ಅಮೆರಿಕಕ್ಕೆ. ಹದಿನೈದಿಪ್ಪತ್ತು ವರ್ಷ ದೇಶದೇಶ ಸುತ್ತಿ ಅಮೆರಿಕದ ನೃತ್ಯಕ್ಕೆ ಹೆಸರು ತಂದ ಡನ್‌ಹ್ಯಾಮ್ ತಂಡಕ್ಕೆ ಅಂಥ ಪ್ರವಾಸದ ನೆರವು ಸಿಗಲಿಲ್ಲ. ಟಿಕೆಟ್ ಹಣದಿಂದಲೇ ಹತ್ತಾರು ನರ್ತಕರು, ವಾದ್ಯದವರು, ಪೆಟ್ಟಿಗೆಗಟ್ಟಲೆ ವೇಷಭೂಷಣಗಳನ್ನು ಹೊತ್ತು ನಡೆಯಬೇಕಿದ್ದ ತಂಡ 1960ರ ದಶಕದ ಆರಂಭದಲ್ಲಿ ಚದುರಿತು. ‘ಸೌತ್‌ಲ್ಯಾಂಡ್’ ಒಂದೇ ಇದಕ್ಕೆ ಕಾರಣವೆನ್ನುವುದು ಅತಿಮಾತಾದೀತು. ಆದರೆ ಆ ಕೃತಿಯ ನೆರಳು ಅವರನ್ನು ಹಿಂಬಾಲಿಸಿತೆಂದು ಅವರನ್ನು ಬಲ್ಲವರೂ ಬರೆದವರೂ ನಂಬುತ್ತಾರೆ, ನಾನೂ ನಂಬುತ್ತೇನೆ.

ಅವರು ಮೆತ್ತಗಾಗಲಿಲ್ಲ. 1960ರ ದಶಕದ ಕೊನೆಗೆ ಬಡತನದಲ್ಲಿ ನಲುಗಿದ್ದ ಈಸ್ಟ್ ಸೇಂಟ್ ಲೂಯಿಸ್ ಊರಿನಲ್ಲಿ ನೆಲೆಸಿ ಅಲ್ಲಿಯ ಹುಡುಗ ಹುಡುಗಿಯರಿಗೆ ತಮಟೆ, ಕುಣಿತ ಕಲಿಸಿದರು. 1992ರಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ಹೈಟಿಯ ನಿರಾಶ್ರಿತರನ್ನು ಅಮೆರಿಕ ಹಿಂದಕ್ಕೆ ಅಟ್ಟುವುದನ್ನು ವಿರೋಧಿಸಿ 47 ದಿನ ಉಪವಾಸ ಮಾಡಿದರು. 2006ರಲ್ಲಿ ತೀರಿಕೊಂಡರು.

ಗುಂಪುಹತ್ಯೆಯನ್ನು ಇಡೀ ದೇಶದ ಕಾನೂನಿನಡಿ ಅಪರಾಧವಾಗಿಸುವ ಮೊದಲ ಮಸೂದೆಯನ್ನು ಅಮೆರಿಕದ ಸಂಸತ್ತಿನಲ್ಲಿ 1900ರಲ್ಲಿ ಮಂಡಿಸಿದವರು ಆಗ ಅಲ್ಲಿದ್ದ ಏಕೈಕ ಕಪ್ಪು ಸದಸ್ಯ ಜಾರ್ಜ್ ಹೆನ್ರಿ ವೈಟ್. ಅಂಥ ಕಾನೂನು ಕೊನೆಗೂ ಬಂದದ್ದು 2022ರ ಮಾರ್ಚ್ 29ರಂದು. ಅದಕ್ಕೆ ಹತ್ತು ವರ್ಷ ಮೊದಲು, 2012ರಲ್ಲಿ, ಡೆನ್ವರ್ ನಗರದ ಕ್ಲಿಯೊ ಪಾರ್ಕರ್ ರಾಬಿನ್ಸನ್ ಅವರ ನೃತ್ಯತಂಡ ‘ಸೌತ್‌ಲ್ಯಾಂಡ್’ ಅನ್ನು ಮತ್ತೆ ಕಟ್ಟಿ ಆಡಿತು. ಪ್ಯಾರಿಸ್‌ನಲ್ಲಿ ತೆರೆ ಬಿದ್ದ ಮೇಲೆ ಐವತ್ತೊಂಬತ್ತು ವರ್ಷ ಕಳೆದಿತ್ತು. ಸಾಂತಿಯಾಗೋದಲ್ಲಿ ಕೆಲವೇ ದಿನ ನಿಂತಿದ್ದ ಆ ಮರ, ಯಾವ ದೇಶದ ಕಥೆಯನ್ನು ಹೇಳಲು ಹುಟ್ಟಿತ್ತೋ ಆ ದೇಶದ ರಂಗದ ಮೇಲೆ ಆಗ ಎದ್ದು ನಿಂತಿತು.